ಬೀಯರಿನಲ್ಲಿ ಬೆಂದ ಬಾಡು

ಪುಣೆಯ ಓದುಗರೊಬ್ಬರಿಂದ ಹೋದ ತಿಂಗಳು ಒಂದು ಪತ್ರ ಬಂತು. ಅವರ ಮಗ ಬೆಲ್ಜಿಯಂನ ಗೆಂಟ್ ನಗರದಲ್ಲಿ ಎರಡು ವರ್ಷ ಓದಿ ಬಂದಿದ್ದಾನೆ. ಅಲ್ಲಿ ತಿಂದ ಒಂದು ಅಡುಗೆಯ ರುಚಿ ಅವನ ನಾಲಿಗೆಗೆ ಅಂಟಿಕೊಂಡಿದೆ. ಕಪ್ಪು ಬೀಯರಿನಲ್ಲಿ ಮೂರು ಗಂಟೆ ಬೇಯಿಸಿದ ಬೀಫ್. ‘ಅವನ ಹುಟ್ಟುಹಬ್ಬಕ್ಕೆ ಮಾಡಿಕೊಡಬೇಕು, ಕನ್ನಡದಲ್ಲಿ ಎಲ್ಲೂ ವಿಧಾನ ಸಿಗಲಿಲ್ಲ, ನೀವು ಬರೆಯಿರಿ’ ಎಂದು ಕೇಳಿದ್ದಾರೆ. ಕೊನೆಯಲ್ಲಿ ಒಂದು ಸಾಲು: ‘ದಯವಿಟ್ಟು ನನ್ನ ಹೆಸರು ಹಾಕಬೇಡಿ.’

ಹೆಸರು ಹಾಕುವುದಿಲ್ಲ ತಾಯಿ. ಆದರೆ ಆ ಸಾಲಿನ ಬಗ್ಗೆಯೂ ನಾಲ್ಕು ಮಾತು ಬರೆಯಬೇಕು. ನಮ್ಮ ಮನೆಯ ಕಪಾಟಿನಲ್ಲಿ ಹನ್ನೊಂದು ಕನ್ನಡ ಅಡುಗೆ ಪುಸ್ತಕಗಳಿವೆ. ಕೋಳಿ ಇದೆ, ಕುರಿ ಇದೆ, ಮೀನು, ಏಡಿ, ಹಂದಿ ಎಲ್ಲ ಇದೆ. ಈ ಒಂದು ಮಾಂಸ ಮಾತ್ರ ಇಲ್ಲ. ಕನ್ನಡ ಮಾತಾಡುವವರಲ್ಲಿ ಇದನ್ನು ತಿನ್ನುವವರೇ ಇಲ್ಲವೇನೋ ಎಂಬ ಹಾಗೆ.

ನಾನು ಕೋಲಾರ ಚಿನ್ನದ ಗಣಿಯ ಕಡೆಯವನು. ಬೀದಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಅಪ್ಪ ಚಾಂಪಿಯನ್ ರೀಫ್ ಗಣಿಯೊಳಗೆ ಇಳಿಯುತ್ತಿದ್ದರು. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದ ಗಣಿ ಅದು. ಅಮ್ಮ ಒಂದು ಆಂಗ್ಲೋ ಇಂಡಿಯನ್ ಕುಟುಂಬದ ಬಂಗಲೆಯಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಿದ್ದಳು. ಭಾನುವಾರ ಅಲ್ಲಿ ಪಾಟ್ ರೋಸ್ಟ್. ಒಂದೇ ದೊಡ್ಡ ತುಂಡು ಮಾಂಸ, ಕಾಳುಮೆಣಸು, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಒಂದಿಷ್ಟು ವಿನೆಗರ್. ದಪ್ಪ ತಳದ ಡೇಕ್ಚಿ, ಮುಚ್ಚಳದ ಮೇಲೂ ಕೆಂಡ. ಗ್ರೇವಿಯಲ್ಲಿ ಉರುಳಾಡಿದ ಆಲೂಗಡ್ಡೆ. ಹೋಳು ಮಾಡಿ ಪಿಂಗಾಣಿ ತಟ್ಟೆಯಲ್ಲಿಟ್ಟು ಬಡಿಸಿದರೆ ಮನೆಗೆ ಬಂದ ಅತಿಥಿಗಳು ದೊರೆಸಾನಿಯನ್ನು ಹೊಗಳುತ್ತಿದ್ದರಂತೆ.

ಅದೇ ಅಂಗಡಿಯ ಅದೇ ಮಾಂಸ ವಾರಕ್ಕೊಮ್ಮೆ ನಮ್ಮ ಮನೆಗೂ ಬರುತ್ತಿತ್ತು, ಕಾಗದದಲ್ಲಿ ಸುತ್ತಿ, ಚೀಲದ ತಳದಲ್ಲಿ, ಮೇಲೆ ಸೊಪ್ಪು ಮುಚ್ಚಿಕೊಂಡು. ಶಾಲೆಯಲ್ಲಿ ಯಾರಾದರೂ ‘ನಿನ್ನೆ ಏನು ಸಾರು?’ ಎಂದರೆ ‘ಕಾಳು ಸಾರು’ ಎನ್ನಬೇಕೆಂದು ನಮಗೆ ಹೇಳಿಕೊಟ್ಟಿದ್ದರು. ಬಂಗಲೆಯಲ್ಲಿ ಬೆಂದರೆ ರೋಸ್ಟ್, ನಮ್ಮ ಮನೆಯಲ್ಲಿ ಬೆಂದರೆ ಬಾಯಿಬಿಟ್ಟು ಹೇಳಲಾಗದ ಬಾಡು. ಎರಡನ್ನೂ ಬೇಯಿಸಿದ್ದು ಒಂದೇ ಕೈ.

ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಊರಿನವರು ಬೆಂಗಳೂರು, ಚೆನ್ನೈ ಎಂದು ಚದುರಿದರು. ನಾನು ಅದಕ್ಕೂ ಮೊದಲೇ ಚೆನ್ನೈ ಸೇರಿದ್ದೆ. ಪೆರಂಬೂರಿನಲ್ಲಿ ಮನೆ. ಇದೂ ರೈಲ್ವೆಯ ಆಂಗ್ಲೋ ಇಂಡಿಯನ್ನರ ಹಳೆಯ ಬಡಾವಣೆ. ಹಾಗಾಗಿ ಪಾಟ್ ರೋಸ್ಟ್ ನನಗೆ ಹೊಸದಲ್ಲ. ಪುಣೆಯ ಆ ತಾಯಿಯ ಮಗ ಕೇಳುತ್ತಿರುವುದು ಅದರ ದೂರದ ನೆಂಟ.

ಬೆಲ್ಜಿಯಂನ ಡಚ್ ಮಾತಾಡುವ ಭಾಗಕ್ಕೆ ಫ್ಲಾಂಡರ್ಸ್ ಎನ್ನುತ್ತಾರೆ. ಅಲ್ಲಿ ಈ ಅಡುಗೆಯ ಹೆಸರು ಸ್ಟೋಫ್‌ಫ್ಲೇಸ್. ಮುಚ್ಚಿದ ಪಾತ್ರೆಯಲ್ಲಿ ನಿಧಾನವಾಗಿ ಬೆಂದ ಮಾಂಸ ಎಂದಷ್ಟೇ ಅರ್ಥ. ಫ್ರೆಂಚಿನಲ್ಲಿ ಕಾರ್ಬೊನಾಡ್, ಆ ಪದದ ಬೇರು ಇದ್ದಿಲಿನಲ್ಲಿದೆ. ಫ್ರಾನ್ಸಿನ ಬರ್ಗಂಡಿಯಲ್ಲಿ ದ್ರಾಕ್ಷಿ ಬೆಳೆಯುತ್ತಾರೆ, ಅಲ್ಲಿಯವರು ಇಂಥದೇ ಮಾಂಸವನ್ನು ಕೆಂಪು ವೈನಿನಲ್ಲಿ ಬೇಯಿಸುತ್ತಾರೆ. ಫ್ಲಾಂಡರ್ಸಿನ ತಂಪು ಹವೆಗೆ ಒಗ್ಗಿದ್ದು ಬಾರ್ಲಿ, ಹಾಗಾಗಿ ಅಲ್ಲಿಯ ಪಾತ್ರೆಗೆ ಬಿದ್ದದ್ದು ಬೀಯರ್. ಬೆಲ್ಜಿಯಂನ ಬೀಯರ್ ಸಂಸ್ಕೃತಿಯನ್ನು ಯುನೆಸ್ಕೊ 2016ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಲ್ಲಿ ಮಾಂಸವನ್ನು ತುಂಡು ಮಾಡಿ ಹಾಕುತ್ತಾರೆ. ನಾನು ಅಮ್ಮನ ಹಾಗೆ ಇಡೀ ಗಡ್ಡೆಯನ್ನೇ ಇಡುತ್ತೇನೆ. ಬೀಯರ್ ಅವರದು, ಡೇಕ್ಚಿ ನಮ್ಮದು.

ಮೊದಲು ಮಾಂಸ. ನಮ್ಮ ಬಹುಪಾಲು ನಗರಗಳಲ್ಲಿ ಬೀಫ್ ಎಂದು ಮಾರುವುದು ಎಮ್ಮೆ, ಕೋಣಗಳ ಮಾಂಸ. ಮಹಾರಾಷ್ಟ್ರದಲ್ಲಿ 2015ರಿಂದ ಹಸುವಿನ ಜೊತೆಗೆ ಎತ್ತು, ಹೋರಿಗಳ ವಧೆಗೂ ನಿಷೇಧವಿದೆ, ಎಮ್ಮೆ ಕೋಣಗಳಿಗಿಲ್ಲ. ದೆಹಲಿಯ 1994ರ ಕಾಯ್ದೆಯಲ್ಲೂ ಎಮ್ಮೆ ಸೇರಿಲ್ಲ. ಕರ್ನಾಟಕದ 2020ರ ಕಾಯ್ದೆ 13 ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ಅವಕಾಶ ಕೊಡುತ್ತದೆ. ಆದ್ದರಿಂದ ಲೈಸೆನ್ಸ್ ಇರುವ ಅಂಗಡಿಯಲ್ಲೇ ಕೊಳ್ಳಿ, ಬಿಲ್ ಕೇಳಿ ತೆಗೆದುಕೊಳ್ಳಿ. ಹೈದರಾಬಾದಿನಲ್ಲಿರುವವರು ‘ಬಡೇ ಕಾ’ ಎಂದು ಕೇಳಿದರೆ ಸಾಕು.

ಎಮ್ಮೆಯ ಮಾಂಸ ಕಡುಗೆಂಪು, ಅದರ ಕೊಬ್ಬು ಬೆಳ್ಳಗೆ. ಮಾಂಸದೊಳಗೆ ಕೊಬ್ಬಿನ ಎಳೆ ಕಡಿಮೆ. ವಯಸ್ಸಾದ ಪ್ರಾಣಿಯಾದರೆ ನಾರು ಹೆಚ್ಚು. ಬೇಗ ಹುರಿದರೆ ಚಪ್ಪಲಿಯಷ್ಟು ಗಟ್ಟಿ. ನಿಧಾನದ ಅಡುಗೆಗೆ ಮಾತ್ರ ಇದಕ್ಕಿಂತ ಒಳ್ಳೆಯ ಮಾಂಸ ಇಲ್ಲ. ಭುಜದ ಭಾಗ ಕೇಳಿ, ಒಂದು ಕಿಲೋದ ಒಂದೇ ತುಂಡು. ಅಂಗಡಿಯವನ ಕೈ ಅಭ್ಯಾಸಬಲದಿಂದ ಸಣ್ಣ ತುಂಡು ಮಾಡಲು ಹೊರಡುತ್ತದೆ, ಕತ್ತಿ ಎತ್ತುವ ಮೊದಲೇ ಹೇಳಿಬಿಡಿ. ತೀರಾ ಸಪೂರ ಮೃದು ಭಾಗಕ್ಕೆ ದುಡ್ಡು ಸುರಿಯಬೇಡಿ, ಅದು ಬೆಂದು ಒಣಗುತ್ತದೆ. ಅಗ್ಗದ, ನಾರಿನ ಭಾಗವೇ ಇಲ್ಲಿ ರಾಜ.

ಕಾರಣ ಹೀಗಿದೆ. ಆ ನಾರಿನಲ್ಲಿರುವುದು ಕೊಲಾಜೆನ್ ಎಂಬ ಪ್ರೋಟೀನು. ಸುಮಾರು 70 ಡಿಗ್ರಿ ದಾಟಿದ ತೇವದ ಶಾಖದಲ್ಲಿ ಗಂಟೆಗಟ್ಟಲೆ ಇದ್ದರೆ ಅದು ಕರಗಿ ಜೆಲಾಟಿನ್ ಆಗುತ್ತದೆ. ತುಟಿಗೆ ಅಂಟುವ ಗ್ರೇವಿ, ಚಮಚಕ್ಕೆ ಬಿಡಿಸಿಕೊಳ್ಳುವ ಮಾಂಸ ಎರಡೂ ಅದರ ಕೊಡುಗೆ. ಆದರೆ ಅದಕ್ಕೆ ಮೊದಲು ಮಾಂಸದ ಎಳೆಗಳು ಬಿಗಿದುಕೊಳ್ಳುತ್ತವೆ. ಒಂದು ಗಂಟೆಯ ಹೊತ್ತಿಗೆ ಚುಚ್ಚಿ ನೋಡಿದರೆ ಇದು ಕೆಟ್ಟೇ ಹೋಯಿತು ಅನ್ನಿಸುತ್ತದೆ. ಕೆಟ್ಟಿರುವುದಿಲ್ಲ. ಮುಚ್ಚಳ ಹಾಕಿ ಕಾಯಿರಿ.

ಇನ್ನು ಬೀಯರ್. ನಮ್ಮಲ್ಲಿ ‘ಸ್ಟ್ರಾಂಗ್’ ಎಂದರೆ ಕಪ್ಪು ಎಂದು ಅನೇಕರು ತಿಳಿದಿದ್ದಾರೆ. ಸ್ಟ್ರಾಂಗ್ ಎಂದರೆ ಮದ್ಯಾಂಶ ಜಾಸ್ತಿ ಅಷ್ಟೆ. ಬಣ್ಣ ಬರುವುದು ಹುರಿದ ಮಾಲ್ಟಿನಿಂದ. ಬಾಟಲಿ ಕಂದು ಇದ್ದರೆ ಒಳಗಿನದೂ ಕಂದು ಎಂದಲ್ಲ, ಲೋಟಕ್ಕೆ ಬಗ್ಗಿಸಿ ನೋಡಿ. ಕಾಫಿ ಡಿಕಾಕ್ಷನ್ ಬಣ್ಣ ಇರಬೇಕು. ಲೇಬಲಿನ ಮೇಲೆ ಸ್ಟೌಟ್, ಪೋರ್ಟರ್, ಬ್ರೌನ್ ಏಲ್ ಅಥವಾ ಬೆಲ್ಜಿಯಂನ ಡುಬ್ಬೆಲ್ ಎಂದಿದ್ದರೆ ಆಯಿತು. ಐಪಿಎ ಬೇಡ. ಅದರಲ್ಲಿ ಹಾಪ್ಸ್ ಹೂವಿನ ಕಹಿ ಹೆಚ್ಚು. ಗ್ರೇವಿ ಬತ್ತಿದಂತೆ ನೀರು ಹೋಗುತ್ತದೆ, ಕಹಿ ಉಳಿದು ಇಮ್ಮಡಿಯಾಗುತ್ತದೆ.

ಬೀಯರ್ ಮನೆಯೊಳಗೆ ತರದವರು ಗಟ್ಟಿ ಫಿಲ್ಟರ್ ಕಾಫಿ ಡಿಕಾಕ್ಷನ್ ಅರ್ಧ ಲೋಟ, ಬೆಲ್ಲ ಒಂದು ಚಮಚ ಹೆಚ್ಚಿಗೆ, ಉಳಿದದ್ದು ನೀರು ಹಾಕಿ ಮಾಡಬಹುದು. ಸ್ಟೋಫ್‌ಫ್ಲೇಸ್ ಆಗುವುದಿಲ್ಲ, ಆದರೆ ಹುರಿದ ಕಾಳಿನ ಆ ಕಹಿ ಸಿಹಿ ಘಮ ಬರುತ್ತದೆ. ಚಿಕೋರಿ ಕಡಿಮೆ ಇರಲಿ.

ಬೇಕಾದದ್ದು: ಮಾಂಸ 1 ಕಿಲೋ, ಈರುಳ್ಳಿ ಅರ್ಧ ಕಿಲೋ, ಬೆಳ್ಳುಳ್ಳಿ 8 ಎಸಳು, ಕಪ್ಪು ಬೀಯರ್ 330 ಮಿಲಿ, ನೀರು ಒಂದು ಲೋಟ, ಕಾಳುಮೆಣಸು 1 ಟೀ ಚಮಚ, ಒಣಮೆಣಸಿನಕಾಯಿ 3, ಚಕ್ಕೆ ಒಂದಿಂಚು, ಲವಂಗ 4, ಬಿರಿಯಾನಿ ಎಲೆ 1, ಬೆಲ್ಲ 1 ಟೇಬಲ್ ಚಮಚ, ವಿನೆಗರ್ 1 ಟೇಬಲ್ ಚಮಚ, ಎಣ್ಣೆ 3 ಟೇಬಲ್ ಚಮಚ, ಬ್ರೆಡ್ಡು ಒಂದು ಹೋಳು, ಬಾಟಲಿಯಲ್ಲಿ ಸಿಗುವ ಸಾಸಿವೆ ಪೇಸ್ಟ್ 2 ಟೀ ಚಮಚ, ಆಲೂಗಡ್ಡೆ 4, ಕ್ಯಾರೆಟ್ 2.

ಹಿಂದಿನ ರಾತ್ರಿಯೇ ಮಾಂಸಕ್ಕೆ ಎರಡು ಟೀ ಚಮಚ ಉಪ್ಪು ಸವರಿ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ತೆಗೆದು ಬಟ್ಟೆಯಲ್ಲಿ ಒತ್ತಿ ನೀರಿನ ಪಸೆ ಆರಿಸಿ, ಹತ್ತಿಯ ದಾರದಿಂದ ಮೂರು ಸುತ್ತು ಕಟ್ಟಿ. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಚೆನ್ನಾಗಿ ಕಾದ ಮೇಲೆ ಇಟ್ಟು ಪ್ರತಿ ಮಗ್ಗುಲನ್ನೂ ಕಂದು ಮಾಡಿ. ಹದಿನೈದು ನಿಮಿಷ ಬೇಕು. ಹೀಗೆ ಮಾಡಿದರೆ ರಸ ಒಳಗೇ ಉಳಿಯುತ್ತದೆ ಎನ್ನುತ್ತಾರೆ, ಅದು ನಿಜವಲ್ಲ. ಕಂದು ಮಾಡುವುದು ರುಚಿಗೆ, ಬಣ್ಣಕ್ಕೆ. ದೋಸೆಯ ತಳ ಕೆಂಪಗಾದಾಗ ಬರುವ ರುಚಿಯ ಹಿಂದಿರುವುದೂ ಇದೇ ಕ್ರಿಯೆ.

ಮಾಂಸ ತೆಗೆದಿಟ್ಟು ಅದೇ ಪಾತ್ರೆಗೆ ಉದ್ದುದ್ದ ಹೆಚ್ಚಿದ ಈರುಳ್ಳಿ ಹಾಕಿ, ಉರಿ ತಗ್ಗಿಸಿ. ಬಿರಿಯಾನಿಗೆ ಹುರಿಯುವಂತೆ ಗರಿಗರಿ ಬೇಡ, ಮೆತ್ತಗೆ ಬೆಲ್ಲದ ಬಣ್ಣಕ್ಕೆ ಬರಬೇಕು, ಇಪ್ಪತ್ತೈದು ನಿಮಿಷ. ಬೆಳ್ಳುಳ್ಳಿ, ಮಸಾಲೆ ಸಾಮಾನು ಹಾಕಿ ಒಂದು ನಿಮಿಷ ಕೈಯಾಡಿಸಿ. ಬೀಯರ್ ಸುರಿಯಿರಿ. ಬುರುಬುರು ನೊರೆ ಬರುತ್ತದೆ. ತಳಕ್ಕೆ ಹತ್ತಿದ್ದನ್ನು ಮರದ ಸೌಟಿನಿಂದ ಕೆರೆದು ಬಿಡಿಸಿ, ಐದು ನಿಮಿಷ ತೆರೆದೇ ಕುದಿಸಿ. ನೀರು, ಬೆಲ್ಲ, ವಿನೆಗರ್ ಹಾಕಿ ಮಾಂಸವನ್ನು ಮತ್ತೆ ಇಳಿಸಿ. ದ್ರವ ಮಾಂಸದ ಅರ್ಧಕ್ಕೆ ಬಂದರೆ ಸಾಕು, ಮುಳುಗಬಾರದು.

ಈಗ ಫ್ಲಾಂಡರ್ಸಿನವರ ಜಾಣತನ. ಬ್ರೆಡ್ಡಿನ ಹೋಳಿಗೆ ಸಾಸಿವೆ ಪೇಸ್ಟ್ ಬಳಿದು, ಬಳಿದ ಮಗ್ಗುಲು ಕೆಳಗೆ ಬರುವಂತೆ ಗ್ರೇವಿಯ ಮೇಲಿಡಿ. ಅದು ತಾನಾಗಿ ಕರಗಿ ಗ್ರೇವಿ ಮಂದವಾಗುತ್ತದೆ. ಮೈದಾ ಬೇಕಿಲ್ಲ.

ಮುಚ್ಚಳ ಹಾಕಿ, ಪಾತ್ರೆಯ ಕೆಳಗೆ ಹಳೆಯ ತವೆ ಇಟ್ಟು, ಚಿಕ್ಕ ಬರ್ನರಿನ ಸಣ್ಣ ಉರಿಯಲ್ಲಿ ಮೂರು ಗಂಟೆ. ಆಗೊಂದು ಈಗೊಂದು ಗುಳ್ಳೆ ಏಳಬೇಕು, ಕೊತಕೊತ ಕುದಿಯಬಾರದು. ಮುಕ್ಕಾಲು ಗಂಟೆಗೊಮ್ಮೆ ಮಗುಚಿ. ಓವನ್ ಇದ್ದರೆ 150 ಡಿಗ್ರಿ. ಕೊನೆಯ 40 ನಿಮಿಷಕ್ಕೆ ಆಲೂಗಡ್ಡೆ, ಕ್ಯಾರೆಟ್ ಸೇರಿಸಿ. ಕಡ್ಡಿ ಚುಚ್ಚಿದರೆ ಬೆಣ್ಣೆಯೊಳಗೆ ಹೋದ ಹಾಗೆ ಹೋಗಬೇಕು. ಇಳಿಸಿ ಕಾಲು ಗಂಟೆ ಬಿಟ್ಟು, ದಾರ ಬಿಚ್ಚಿ, ಎಳೆಗೆ ಅಡ್ಡವಾಗಿ ಕತ್ತರಿಸಿ.

ಸಮಯ ಇಲ್ಲದವರು ಪ್ರೆಷರ್ ಕುಕ್ಕರಿನಲ್ಲಿ ಮಾಡಬಹುದು. ಬೀಯರಿನ ನೊರೆ ಪೂರ್ತಿ ಇಳಿಯದೆ ಮುಚ್ಚಳ ಹಾಕಲೇಬೇಡಿ, ನೊರೆ ವೆಂಟಿಗೆ ಕಟ್ಟಿಕೊಳ್ಳುತ್ತದೆ. ಮೊದಲ ವಿಶಲ್ ಆದ ಮೇಲೆ ಸಣ್ಣ ಉರಿಯಲ್ಲಿ ಒಂದು ಗಂಟೆ, ಆವಿ ತಾನಾಗಿ ಇಳಿಯಲಿ. ಬ್ರೆಡ್ಡು, ತರಕಾರಿ ಆಮೇಲೆ ಹಾಕಿ ತೆರೆದು ಬೇಯಿಸಿ.

ಒಂದು ಎಚ್ಚರಿಕೆ. ಕುದಿಸಿದರೆ ಮದ್ಯವೆಲ್ಲ ಆವಿಯಾಗಿ ಹೋಗುತ್ತದೆ ಎಂಬುದು ಪೂರ್ತಿ ಸರಿಯಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಒಂದು ಗಂಟೆ ಬೇಯಿಸಿದರೆ ಹಾಕಿದ ಮದ್ಯದ ಶೇಕಡಾ 25, ಎರಡೂವರೆ ಗಂಟೆ ಬೇಯಿಸಿದರೂ ಶೇಕಡಾ 5ರಷ್ಟು ಉಳಿಯುತ್ತದೆ. ಮದ್ಯ ಮುಟ್ಟದವರು, ಕುಡಿತ ಬಿಟ್ಟವರು ಊಟಕ್ಕೆ ಬಂದಿದ್ದರೆ ಬಡಿಸುವ ಮೊದಲೇ ಹೇಳಿ. ಮಾಂಸ ಯಾವುದೆಂದೂ ಹೇಳಿ. ತಿನ್ನದವರಿಗೆ ಗೊತ್ತಿಲ್ಲದಂತೆ ತಿನ್ನಿಸುವುದು ದ್ರೋಹ.

ಹಾಗೆಯೇ, ತಿನ್ನುವವರು ‘ಕಾಳು ಸಾರು’ ಎಂದು ಸುಳ್ಳು ಹೇಳುವ ಹಾಗೆ ಮಾಡುವುದೂ ಒಳ್ಳೆಯದಲ್ಲ. ಪರಊರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಗೊತ್ತು, ಮನೆ ಮಾಲೀಕರು ಮೊದಲು ಕೇಳುವುದು ಸಂಬಳವನ್ನಲ್ಲ, ಊಟವನ್ನು. ಆ ಪ್ರಶ್ನೆಗೆ ಹೆದರಿ ಕಿಟಕಿ ಮುಚ್ಚಿ ಒಗ್ಗರಣೆ ಹಾಕಿದವರು ನಮ್ಮಲ್ಲಿ ಎಷ್ಟು ಜನರಿಲ್ಲ? ಪರರ ಊರಿನಲ್ಲಿ ಅದನ್ನು ಸಹಿಸಬಹುದು. ನಮ್ಮದೇ ಭಾಷೆಯೊಳಗೂ ಕಿಟಕಿ ಮುಚ್ಚಿಕೊಂಡೇ ಇರಬೇಕೆಂದರೆ ಕಷ್ಟ. ಕನ್ನಡದ ಅಡುಗೆಮನೆ ಎಂದರೆ ಬಿಸಿಬೇಳೆಬಾತೂ ಹೌದು, ನೀರುದೋಸೆಯೂ ಹೌದು, ಅಮ್ಮನ ಡೇಕ್ಚಿಯೂ ಹೌದು. ಬೇಡದವರು ಈ ಪುಟ ತಿರುವಿಹಾಕಲಿ, ಬೇಸರವಿಲ್ಲ. ಬೇಕಾದವರಿಗೆ ಕನ್ನಡದಲ್ಲಿ ಒಂದು ಪುಟವಾದರೂ ಇರಲಿ.

ಬೆಲ್ಜಿಯಂನಲ್ಲಿ ಇದನ್ನು ಕರಿದ ಆಲೂಗಡ್ಡೆಯ ಜೊತೆ ತಿನ್ನುತ್ತಾರೆ. ಮೊದಲ ದಿನ ಹಾಗೇ ತಿನ್ನಿ, ಇಲ್ಲವೇ ಬ್ರೆಡ್ಡಿನಲ್ಲಿ ಗ್ರೇವಿ ಒರೆಸಿಕೊಂಡು. ಎರಡನೆಯ ದಿನಕ್ಕೆ ರುಚಿ ಇನ್ನೂ ಕೂಡಿರುತ್ತದೆ. ಉಳಿದ ಮಾಂಸವನ್ನು ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಬಾಡಿಸಿದರೆ ಆಂಗ್ಲೋ ಇಂಡಿಯನ್ನರ ಜಲ್‌ಫ್ರೇಜಿ. ನಾನು ಗ್ರೇವಿಗೆ ಒಂದು ಲೋಟ ಬಿಸಿನೀರು ಬೆರೆಸಿ ಕುದಿಸಿ ಸಾರಿನ ಹದಕ್ಕೆ ತರುತ್ತೇನೆ. ಜೊತೆಗೆ ಬಿಸಿ ರಾಗಿ ಮುದ್ದೆ. ಮುದ್ದೆ ಮುರಿದು, ಅದ್ದಿ, ನುಂಗಿ. ಬಾರ್ಲಿಗೂ ರಾಗಿಗೂ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದು ಆಗ ಗೊತ್ತಾಗುತ್ತದೆ.