ಮೊಟ್ಟೆಗಾಗಿ ಮನೆಯಲ್ಲಿ ಕೋಳಿ ಸಾಕಬೇಕೇ?

ಈ ಪ್ರಶ್ನೆ ಕೇಳಿದರೆ ನಮ್ಮ ಗಂಗೊಳ್ಳಿಯಲ್ಲಿ ಹೆಚ್ಚಿನವರು ‘ಸಾಕಿದರೆ ಒಳ್ಳೆಯದೇ’ ಎನ್ನುತ್ತಾರೆ. ನಾನೂ ಹಾಗೆಯೇ ಹೇಳುತ್ತಿದ್ದೆ. ಈಗಲೂ ಸಾಕಿ ಎನ್ನುತ್ತೇನೆ. ಆದರೆ ಎರಡು ಷರತ್ತುಗಳಿವೆ.

ಮೊದಲು ಲಾಭದ ಮಾತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಊರಕೋಳಿ ಉಳಿದ ಅನ್ನ, ತೌಡು, ತರಕಾರಿ ಸಿಪ್ಪೆ, ಅಂಗಳದ ಹುಳುಹುಪ್ಪಟೆ ತಿಂದು ಬದುಕುತ್ತದೆ. ಅದರ ಹಿಕ್ಕೆ ತೆಂಗಿನ ಬುಡಕ್ಕೆ ಒಳ್ಳೆಯ ಗೊಬ್ಬರ. ಮೀನಿನ ತ್ಯಾಜ್ಯವನ್ನೂ ತಿನ್ನುತ್ತದೆ. ಅದು ಹೆಚ್ಚಾದರೆ ಮಾತ್ರ ಮೊಟ್ಟೆಗೂ ಮೀನಿನ ವಾಸನೆ ಬರುತ್ತದೆ.

ಆದರೆ ಲೆಕ್ಕ ಹಾಕಿ ನೋಡಿ. ಊರಕೋಳಿ ವರ್ಷಕ್ಕೆ ಇಡುವುದು 50-60 ಮೊಟ್ಟೆ. ಕಾವಿಗೆ ಕುಳಿತ 21 ದಿನ ಮತ್ತು ಮರಿಗಳೊಂದಿಗೆ ತಿರುಗುವ ವಾರಗಳಲ್ಲಿ ಅದೂ ಇಲ್ಲ. ಒಬ್ಬರಿಗೆ ವರ್ಷಕ್ಕೆ 180 ಮೊಟ್ಟೆ ಬೇಕೆಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸು. ಅಂದರೆ ಒಬ್ಬರಿಗೇ ಮೂರು ಹೇಂಟೆ ಬೇಕಾಯಿತು! ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ ಗಿರಿರಾಜ ತಳಿ 130-150 ಮೊಟ್ಟೆ ಇಡುತ್ತದೆ. ಆದರೆ ಅಷ್ಟು ಮೊಟ್ಟೆ ಬೇಕಾದರೆ ಅಂಗಳದ ಹುಳು ಸಾಲದು, ಆಹಾರ ಕೊಂಡು ತಂದು ಹಾಕಬೇಕು.

ಇನ್ನು ನಮ್ಮ ಮನೆಯ ಅನುಭವ. ಕಳೆದ ಮಳೆಗಾಲದಲ್ಲಿ ನಮ್ಮ ಒಂಬತ್ತು ಕೋಳಿಗಳಲ್ಲಿ ಆರು ನಾಲ್ಕೇ ದಿನದಲ್ಲಿ ಸತ್ತವು. ಹಸಿರು ಭೇದಿ, ಕತ್ತು ತಿರುಚಿಕೊಳ್ಳುವುದು. ಲಕ್ಷಣ ಕೇಳಿದ ಪಶುವೈದ್ಯರು ಕೊಕ್ಕರೆ ರೋಗ ಎಂದರು. ಇದಕ್ಕೆ ಮದ್ದಿಲ್ಲ, ಮೊದಲೇ ಲಸಿಕೆ ಹಾಕಿಸಬೇಕು. ನಾವು ಹಾಕಿಸಿರಲಿಲ್ಲ. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೊಂದ ಹೆಂಗಸಿನ ವಿಷಯವನ್ನು ಚಿಕ್ಕಂದಿನಲ್ಲೇ ಮದರಸದಲ್ಲಿ ಕೇಳಿದ್ದೆ. ಕೋಳಿಗಳನ್ನು ಹೂಳಲು ಗುಂಡಿ ತೋಡುವಾಗ ಅದೇ ನೆನಪಾಯಿತು. ಗೂಡಿನಲ್ಲಿಟ್ಟ ಮೇಲೆ ಅದರ ಆರೋಗ್ಯವೂ ನಮ್ಮ ಜವಾಬ್ದಾರಿ. ಹಾಗಾಗಿ ಲಸಿಕೆ ನನ್ನ ಮೊದಲ ಷರತ್ತು.

ಎರಡನೆಯದು ನೆರೆಯವರ ಹಕ್ಕು. ನಮ್ಮೂರಿಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಪಂಚಗಂಗಾವಳಿ. ಇರುವ ಜಾಗದಲ್ಲಿ ಮನೆಗಳು ಒತ್ತೊತ್ತಾಗಿವೆ. ನಮ್ಮ ಕೋಳಿಗಳು ಪಕ್ಕದ ಮನೆಯ ಬಸಳೆ ಬುಡ ಕೆದಕುತ್ತಿದ್ದವು. ಹುಂಜ ಬೆಳಗಿನ ಬಾಂಗ್‌ಗೂ ಮೊದಲೇ ಕೂಗುತ್ತಿತ್ತು. ಆ ಮನೆಯಲ್ಲಿ ಹುಷಾರಿಲ್ಲದ ಅಜ್ಜಿಯೊಬ್ಬರು ಮಲಗಿದ್ದರು. ಒಂದು ದಿನ ಅವರ ಮಗಳು ಬಂದು, “ಮೊಟ್ಟೆ ನಿಮಗೆ, ನಿದ್ದೆಗೇಡು ನಮಗಾ ಮಾರಾಯ್ರೇ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಎಷ್ಟೋ ಜನರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಹೇಂಟೆ ಮೊಟ್ಟೆ ಇಡಲು ಹುಂಜ ಬೇಕಾಗಿಲ್ಲ. ಮರಿ ಮಾಡಿಸುವುದಾದರೆ ಮಾತ್ರ ಬೇಕು. ನಾವು ಹುಂಜವನ್ನು ಕೊಟ್ಟುಬಿಟ್ಟೆವು. ಉಳಿದ ಎರಡು ಹೇಂಟೆಗಳಿಗೆ ಬಲೆ ಕಟ್ಟಿ ಜಾಗ ಮಾಡಿದೆವು. ಈಗ ದಿನಾ ಗೂಡು ಗುಡಿಸುವುದು ನನ್ನ ಕೆಲಸ. ಮೊದಲು ಅದು ಅಮ್ಮನ ಪಾಲಿಗಿತ್ತು. ಕೋಳಿ ಸಾಕಣೆಯ ಖರ್ಚು ಬರೆಯುವಾಗ ಆ ದುಡಿಮೆಯನ್ನು ನಾವು ಯಾರೂ ಸೇರಿಸಿರಲಿಲ್ಲ.

ಎರಡು ಕೋಳಿಯಿಂದ ಮನೆಮಂದಿಗೆಲ್ಲ ಸಾಕಾಗುವಷ್ಟು ಮೊಟ್ಟೆ ಸಿಗುವುದಿಲ್ಲ. ಅಂಗಡಿಯಿಂದ ಈಗಲೂ ತರುತ್ತೇವೆ. ಆದ್ದರಿಂದ ದುಡ್ಡು ಉಳಿಸಲೆಂದು ಕೋಳಿ ಸಾಕುವವರಿಗೆ ನಿರಾಸೆ ಖಂಡಿತ. ಒಂದು ಜೀವವನ್ನು ನೋಡಿಕೊಳ್ಳುವುದನ್ನು ಕಲಿಯಬೇಕೆನ್ನುವವರು ಧಾರಾಳವಾಗಿ ಸಾಕಲಿ. ಆದರೆ ಮರಿ ತರುವ ಮೊದಲು ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ.