ಬೋಧಗಯೆ: ಸ್ವಾತಂತ್ರ್ಯವು ತೀರಿಸದೆ ಉಳಿಸಿದ ಋಣ

ಬೋಧಗಯೆಯ ಮಹಾಬೋಧಿ ದೇವಾಲಯದ ಆಡಳಿತವು ಬೌದ್ಧರ ಕೈಗೇ ಬರಬೇಕೆಂದು ಒತ್ತಾಯಿಸಿ 2025ರ ಆರಂಭದಲ್ಲಿ ಭಿಕ್ಷುಗಳು ಉಪವಾಸಕ್ಕೆ ಕುಳಿತರು. ಬಿಹಾರ ರಾಜ್ಯದ ಒಂದು ಊರಿನ, ಒಂದು ದೇವಾಲಯದ, ಒಂದು ಸಮಿತಿಯ ಸದಸ್ಯತ್ವದ ವಿಷಯವಿದು ಎಂದು ಇದನ್ನು ಬದಿಗಿಡುವುದು ಸುಲಭ. ಆದರೆ ಈ ಬೇಡಿಕೆಯ ಬೇರನ್ನು ಹಿಡಿದು ಹಿಂದಕ್ಕೆ ನಡೆದರೆ ನಾವು ಬ್ರಿಟಿಷರ ನ್ಯಾಯಾಲಯಗಳಿಗೂ, ಕಾಂಗ್ರೆಸ್ ಅಧಿವೇಶನಗಳಿಗೂ, ಸಿಂಹಳ ಮತ್ತು ಬರ್ಮಾ ದೇಶಗಳ ಅಳಿದುಹೋದ ರಾಜಮನೆತನಗಳಿಗೂ ಹೋಗಿ ಮುಟ್ಟುತ್ತೇವೆ. ಪರರ ಆಳ್ವಿಕೆಯಲ್ಲಿ ಹುಟ್ಟಿದ ಒಂದು ವ್ಯಾಜ್ಯವನ್ನು ಸ್ವತಂತ್ರ ಭಾರತವು ಅರ್ಧ ಮಾತ್ರ ಬಗೆಹರಿಸಿ, ಉಳಿದರ್ಧವನ್ನು ಮುಂದಿನವರಿಗೆ ಬಿಟ್ಟಿತೆಂಬುದು ಆಗ ಸ್ಪಷ್ಟವಾಗುತ್ತದೆ. ಆ ಉಳಿದರ್ಧವನ್ನು ಪೂರ್ತಿ ಮಾಡುವುದು ನಮ್ಮ ಧರ್ಮವೆಂದೂ, ಅದನ್ನು ಹಿಂದೂಗಳೇ ಮುಂದೆ ನಿಂತು ಮಾಡಿಸಬೇಕೆಂದೂ ನಾನು ನಂಬುತ್ತೇನೆ.

ಆ ಸ್ಥಳದ ಸ್ವರೂಪವನ್ನು ಮೊದಲು ತಿಳಿಯಬೇಕು. ಗರ್ಭಗೃಹದಲ್ಲಿ ಬಲಗೈಯನ್ನು ನೆಲಕ್ಕೆ ಮುಟ್ಟಿಸಿ, ಭೂಮಿಯನ್ನೇ ಸಾಕ್ಷಿಗೆ ಕರೆಯುತ್ತಿರುವ ಬುದ್ಧನ ವಿಗ್ರಹವುಂಟು. ಅದೇ ಗರ್ಭಗೃಹದ ನೆಲದಲ್ಲಿ ಶಿವಲಿಂಗವೂ ಉಂಟು. ಪ್ರಾಕಾರದ ಒಂದು ಚಿಕ್ಕ ಗುಡಿಯಲ್ಲಿರುವ ಬೌದ್ಧ ಮೂರ್ತಿಗಳನ್ನು ಯಾತ್ರಿಕರು ಪಂಚಪಾಂಡವರೆಂದು ಪೂಜಿಸುತ್ತಾರೆ. ದೇವಾಲಯದ ಹಿಂದಿನ ಅಶ್ವತ್ಥವು ಬೌದ್ಧರಿಗೆ ಬೋಧಿವೃಕ್ಷವಾದರೆ, ಗಯೆಗೆ ಶ್ರಾದ್ಧಕ್ಕಾಗಿ ಬಂದ ಹಿಂದೂಗಳಿಗೆ ಪಿತೃಗಳನ್ನು ನೆನೆಯುವ ಪುಣ್ಯವೃಕ್ಷ. ಗಯಾಶ್ರಾದ್ಧವನ್ನು ಮಾಡಿ ಋಣಮುಕ್ತರಾದೆವೆಂದು ನಿಟ್ಟುಸಿರುಬಿಟ್ಟ ಹಿರಿಯರು ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ಉಂಟು. ಆ ಕ್ಷೇತ್ರದ ಪುರೋಹಿತರಾದ ಗಯಾವಾಳರು ನಮ್ಮ ಮಧ್ವಾಚಾರ್ಯರ ಮತವನ್ನು ಅನುಸರಿಸುವವರು. ಆದುದರಿಂದ ಹಿಂದೂಗಳಿಗೆ ಆ ನೆಲದಲ್ಲಿ ಸಂಬಂಧವೇ ಇಲ್ಲವೆಂದು ಯಾರೂ ಹೇಳಲಾರರು; ನಾನೂ ಹೇಳುತ್ತಿಲ್ಲ.

ದೇವಾಲಯವನ್ನು ಬಹುಕಾಲ ವಶದಲ್ಲಿಟ್ಟುಕೊಂಡಿದ್ದ ಶೈವಮಠದ ಮುಖ್ಯಸ್ಥರಾದ ಮಹಂತರ ವಿಷಯದಲ್ಲಿಯೂ ನ್ಯಾಯವಾಗಿ ಮಾತನಾಡಬೇಕು. ಬೌದ್ಧ ಸಂಘವು ಆ ಪ್ರಾಂತದಿಂದ ಮರೆಯಾಗಿ ಶತಮಾನಗಳು ಉರುಳಿದ ಮೇಲೆ, ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ, ಘಮಂಡಿ ಗಿರಿ ಎಂಬ ದಶನಾಮಿ ಸಂನ್ಯಾಸಿಯು ಅಲ್ಲಿ ನೆಲೆಸಿ ಶೈವಮಠವೊಂದನ್ನು ಸ್ಥಾಪಿಸಿದನು. ಆತನ ಪರಂಪರೆಯವರು ಕಾಲಕ್ರಮದಲ್ಲಿ ದೊಡ್ಡ ಜಮೀನುದಾರರಾದರು. ಪಾಳುಬಿದ್ದಿದ್ದ ದೇವಾಲಯವು ಅವರ ವಶದಲ್ಲಿಯೇ ಉಳಿಯಿತು. 1877ರಲ್ಲಿ ಬರ್ಮಾದ ದೊರೆ ಮಿಂಡೋನನು ಜೀರ್ಣೋದ್ಧಾರಕ್ಕಾಗಿ ಜನರನ್ನು ಕಳುಹಿದಾಗ ಮಠದವರು ಅವರನ್ನು ಅಟ್ಟಲಿಲ್ಲ. ಮುಂದೆ ಕನ್ನಿಂಗ್‌ಹ್ಯಾಮ್ ಮತ್ತು ಬೆಗ್ಲರ್ ಎಂಬ ಪುರಾತತ್ತ್ವಜ್ಞರ ಮೇಲ್ವಿಚಾರಣೆಯಲ್ಲಿ ಬಂಗಾಳ ಸರ್ಕಾರವು 1880ರ ದಶಕದಲ್ಲಿ ಆ ಕಟ್ಟಡವನ್ನು ಇಂದಿನ ರೂಪಕ್ಕೆ ತಂದಿತು. ಪೂಜೆ ಯಾರದು ಎಂಬ ಪ್ರಶ್ನೆಯು ಸ್ವತ್ತು ಯಾರದು ಎಂಬ ಪ್ರಶ್ನೆಯಾಗಿ ಮಾರ್ಪಡುವವರೆಗೆ ಅಲ್ಲಿ ಹೇಗೋ ಒಂದು ಸಹಬಾಳ್ವೆ ನಡೆದಿತ್ತು.

ಈ ಮಾರ್ಪಾಟಿಗೆ ಕಾರಣವಾದುದು ಸಮುದ್ರದಾಚೆಯ ಒಂದು ದುಃಖ. ಸಿಂಹಳದಲ್ಲಿ 1815ರ ಕ್ಯಾಂಡಿ ಒಪ್ಪಂದದಲ್ಲಿ ಬ್ರಿಟಿಷರು ಬುದ್ಧಧರ್ಮವನ್ನೂ ಅದರ ಆಚಾರಗಳನ್ನೂ ಭಿಕ್ಷುಗಳನ್ನೂ ಪೂಜಾಸ್ಥಾನಗಳನ್ನೂ ಅಬಾಧಿತವಾಗಿ ಕಾಪಾಡುವುದಾಗಿ ಮಾತುಕೊಟ್ಟರು. ಮಿಷನರಿಗಳ ಒತ್ತಡ ಹೆಚ್ಚಿದಂತೆಲ್ಲ ಆ ಮಾತಿನಿಂದ ಹಿಂಜರಿದರು. 1885ರಲ್ಲಿ ಬರ್ಮಾದ ಕಡೆಯ ದೊರೆ ಥೀಬಾನನ್ನು ಸಿಂಹಾಸನದಿಂದಿಳಿಸಿ ಕೊಂಕಣದ ರತ್ನಾಗಿರಿಗೆ ಗಡೀಪಾರು ಮಾಡಿದರು. ರಾಜನೇ ಧರ್ಮಶಾಸನದ ರಕ್ಷಕನೆಂದು ಬಗೆಯುತ್ತಿದ್ದ ಆ ಜನಗಳಿಗೆ ರಾಜನೊಡನೆ ಧರ್ಮದ ಆಶ್ರಯವೂ ತಪ್ಪಿಹೋಯಿತು. ತಮ್ಮ ನಾಡುಗಳಲ್ಲಿ ಆಶ್ರಯವನ್ನು ಕಳೆದುಕೊಂಡ ಭಕ್ತಿಯು ಆ ಧರ್ಮದ ಉಗಮಸ್ಥಾನದ ಕಡೆಗೆ ತಿರುಗಿದುದರಲ್ಲಿ ಆಶ್ಚರ್ಯವೇನಿದೆ? 1891ರ ಜನವರಿಯಲ್ಲಿ ಬೋಧಗಯೆಗೆ ಬಂದ ಸಿಂಹಳದ ತರುಣ ಅನಗಾರಿಕ ಧರ್ಮಪಾಲನ ಹೃದಯದಲ್ಲಿದ್ದುದು ಈ ಹಂಬಲವೇ. ಮಿಷನರಿ ಶಾಲೆಗಳಲ್ಲಿ ಓದಿ, ಅಲ್ಲಿ ತನ್ನ ಧರ್ಮದ ನಿಂದೆಯನ್ನು ಕೇಳಿ ಬೆಳೆದ ಆತನು ಬುದ್ಧನು ಜ್ಞಾನೋದಯ ಪಡೆದ ಪೀಠವೆನ್ನುವ ವಜ್ರಾಸನದ ಕಲ್ಲಿಗೆ ಹಣೆಯನ್ನು ಮುಟ್ಟಿಸಿ, ಈ ಸ್ಥಳವನ್ನು ಬೌದ್ಧರಿಗೆ ಮರಳಿ ದೊರಕಿಸಿಯೇ ತೀರುವೆನೆಂದು ಸಂಕಲ್ಪಿಸಿದನು. ಅದೇ ವರ್ಷದ ಮೇ ತಿಂಗಳಲ್ಲಿ ಕೊಲಂಬೊ ನಗರದಲ್ಲಿ ಮಹಾಬೋಧಿ ಸೊಸೈಟಿಯು ಹುಟ್ಟಿತು.

ಸಂಕಲ್ಪವು ಕಟಕಟೆಯನ್ನು ಹತ್ತಲು ಬಹುಕಾಲ ಹಿಡಿಯಲಿಲ್ಲ. 1895ರ ಫೆಬ್ರವರಿಯಲ್ಲಿ ಧರ್ಮಪಾಲನು ಜಪಾನಿನ ಬೌದ್ಧರು ಕಳುಹಿದ್ದ ಬುದ್ಧವಿಗ್ರಹವೊಂದನ್ನು ದೇವಾಲಯದ ಮೇಲಂತಸ್ತಿನಲ್ಲಿ ಪ್ರತಿಷ್ಠಾಪಿಸಲು ಹೋದಾಗ ಮಹಂತರ ಆಳುಗಳು ನುಗ್ಗಿ ಅದನ್ನು ಕಿತ್ತು ಹೊರಗೆ ತಂದರು. ಗಯೆಯ ಮ್ಯಾಜಿಸ್ಟ್ರೇಟರು ಅವರಲ್ಲಿ ಕೆಲವರಿಗೆ ಶಿಕ್ಷೆ ವಿಧಿಸಿದರು. ಕಲ್ಕತ್ತೆಯ ಹೈಕೋರ್ಟು ಅದೇ ವರ್ಷ ಆ ಶಿಕ್ಷೆಯನ್ನು ರದ್ದುಮಾಡಿತು. ಮುಂದೆ ಮಹಂತರು ದಾವೆ ಹೂಡಿ ಬರ್ಮೀಯರ ಛತ್ರದಿಂದಲೂ ಬೌದ್ಧರನ್ನು ಬಿಡಿಸಿದರು. ನ್ಯಾಯಾಧೀಶರು ಪಕ್ಷಪಾತಿಗಳಾಗಿದ್ದರೆಂದು ನನ್ನ ಆಕ್ಷೇಪಣೆಯಲ್ಲ. ಸ್ವಾಧೀನ ಯಾರದು, ಅನುಭೋಗ ಎಂದಿನಿಂದ, ದಾಖಲೆ ಯಾವುದು ಎಂದಲ್ಲದೆ ಬೇರೆಯ ಪ್ರಶ್ನೆಯನ್ನು ಕೇಳಲು ಆ ನ್ಯಾಯಸ್ಥಾನಕ್ಕೆ ಭಾಷೆಯೇ ಇರಲಿಲ್ಲ. ಜನಗಣತಿಯ ಕಾಗದದಲ್ಲಿ ಮನುಷ್ಯನು ಒಂದೇ ಮತದ ಹೆಸರನ್ನು ಬರೆಸತಕ್ಕದ್ದೆಂದು ಕಲಿಸಿದ ಆಡಳಿತವು, ಒಂದು ಗುಡಿಗೂ ಒಬ್ಬನೇ ಒಡೆಯನಿರಬೇಕೆಂಬ ಎಣಿಕೆಯನ್ನು ಎರಡು ಸಮಾಜಗಳ ಮನಸ್ಸಿನಲ್ಲಿಯೂ ಬಿತ್ತಿತು. 1903ರಲ್ಲಿ ಕರ್ಜನ್ ಪ್ರಭುವು ಸ್ವತಃ ಬಂದು ನೋಡಿ ಮಧ್ಯಸ್ಥಿಕೆಗೆ ಯತ್ನಿಸಿದರೂ ಫಲ ದೊರೆಯಲಿಲ್ಲ.

ಸ್ವರಾಜ್ಯವನ್ನು ಬಯಸಿದವರಿಗೆ ಇದು ಪರೀಕ್ಷೆಯಾಗಿ ಬಂದುದು 1922ರಲ್ಲಿ. ಆ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿನ ಅಧಿವೇಶನವು ಗಯೆಯಲ್ಲಿಯೇ ಸೇರಿದಾಗ ಬೌದ್ಧರು ತಮ್ಮ ಮನವಿಯನ್ನು ರಾಷ್ಟ್ರದ ಮುಂದಿಟ್ಟರು. ಅದನ್ನು ಪರಿಶೀಲಿಸುವ ಹೊಣೆಯು ಬಿಹಾರದವರೇ ಆದ ರಾಜೇಂದ್ರ ಪ್ರಸಾದರಿಗೆ ಬಂದಿತು. ಹಿಂದೂಗಳೂ ಬೌದ್ಧರೂ ಕೂಡಿ ಆಡಳಿತ ನಡೆಸಬೇಕೆಂಬುದು ಆ ವಿಚಾರಣೆಯಿಂದ ಹೊರಬಿದ್ದ ಸಲಹೆ. ಆದರೆ ಮಠವು ಒಪ್ಪದಿರಲು, ಶಾಸನದ ಅಧಿಕಾರವಿಲ್ಲದ ಕಾಂಗ್ರೆಸ್ಸಿಗೆ ಮಾಡುವುದೇನೂ ಉಳಿಯಲಿಲ್ಲ. ಅದೇ ದಶಕದಲ್ಲಿ ಪಂಜಾಬಿನ ಸಿಖ್ಖರೂ ಮಹಂತರ ಕೈಯಲ್ಲಿದ್ದ ಗುರುದ್ವಾರಗಳಿಗಾಗಿ ಹೋರಾಡಿ, ಅಹಿಂಸೆಯಿಂದ ಏಟು ತಿಂದು, ಸೆರೆಮನೆಗಳನ್ನು ತುಂಬಿ, 1925ರ ಗುರುದ್ವಾರಾ ಕಾಯಿದೆಯಿಂದ ತಮ್ಮ ಪವಿತ್ರಸ್ಥಾನಗಳ ಆಡಳಿತವನ್ನು ತಾವೇ ಆರಿಸಿದ ಸಮಿತಿಗೆ ಪಡೆದುಕೊಂಡರು. ಅವರ ಜಯವನ್ನು ದೇಶವೆಲ್ಲ ಸ್ವಾತಂತ್ರ್ಯದ ಜಯವೆಂದೇ ಕೊಂಡಾಡಿತು. ಬೌದ್ಧರ ಕೋರಿಕೆಯೂ ಇಂಥದೇ ಆಗಿತ್ತು. ಆದರೆ ಅವರು ಭಾರತದಲ್ಲಿ ಅಲ್ಪಸಂಖ್ಯರು, ಅವರ ಬಹುಪಾಲು ಬಂಧುಗಳು ಸಮುದ್ರದಾಚೆಯವರು. ಏಟು ತಿನ್ನಲು ಬೀದಿಯಲ್ಲಿ ನಿಲ್ಲುವ ಜನಬಲ ಅವರಿಗಿರಲಿಲ್ಲ. ಸಂಖ್ಯೆಯುಳ್ಳವರಿಗೆ ದೊರೆತುದು ಸಂಖ್ಯೆಯಿಲ್ಲದವರಿಗೆ ದೊರೆಯದೆಹೋದರೆ ಅದನ್ನು ನ್ಯಾಯವೆನ್ನಬಹುದೆ?

ಸ್ವಾತಂತ್ರ್ಯ ಬಂದಿತು. 1947ರ ಜುಲೈ 22ರಂದು ಸಂವಿಧಾನ ಸಭೆಯು ಅಶೋಕನ ಧರ್ಮಚಕ್ರವನ್ನು ಧ್ವಜದ ನಡುವೆ ನಿಲ್ಲಿಸಿತು. ಸಾರನಾಥದ ಸಿಂಹಸ್ತಂಭವು ರಾಜ್ಯಲಾಂಛನವಾಯಿತು. ಶಾಸನಗಳ ಪ್ರಿಯದರ್ಶಿಯು ಅಶೋಕನೇ ಎಂಬುದನ್ನು ಹೆಸರು ಹಿಡಿದು ಹೇಳಿದ ಬಂಡೆಯು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯುತ್ತೇವೆ. ಸಾಂಚಿಯಿಂದ ಲಂಡನ್ನಿಗೆ ಹೋಗಿದ್ದ ಬುದ್ಧನ ಶಿಷ್ಯರಾದ ಸಾರಿಪುತ್ತ ಮೊಗ್ಗಲ್ಲಾನರ ಧಾತುಗಳು 1949ರಲ್ಲಿ ಭಾರತಕ್ಕೆ ಮರಳಿದಾಗ ಪ್ರಧಾನಿ ನೆಹರೂ ಅವರು ಅವುಗಳನ್ನು ಗೌರವದಿಂದ ಮಹಾಬೋಧಿ ಸೊಸೈಟಿಯ ಕೈಗೇ ಒಪ್ಪಿಸಿದರು. ಅದೇ 1949ರಲ್ಲಿ ಬಿಹಾರವು ಬೋಧಗಯಾ ದೇವಾಲಯ ಕಾಯಿದೆಯನ್ನು ಮಾಡಿತು: ನಾಲ್ವರು ಹಿಂದೂಗಳು, ನಾಲ್ವರು ಬೌದ್ಧರು, ಮೇಲೆ ಅಧ್ಯಕ್ಷರಾಗಿ ಜಿಲ್ಲಾಧಿಕಾರಿ, ಜಿಲ್ಲಾಧಿಕಾರಿಯು ಹಿಂದುವಲ್ಲದಿದ್ದರೆ ಸರ್ಕಾರವು ಹಿಂದುವೊಬ್ಬರನ್ನು ಅಧ್ಯಕ್ಷರನ್ನಾಗಿ ನೇಮಿಸತಕ್ಕದ್ದು ಎಂಬ ನಿಬಂಧನೆ. ಆ ನಿಬಂಧನೆಯನ್ನು ತಿದ್ದಲು 2013 ಬರಬೇಕಾಯಿತು. ಮಹಂತರ ಏಕಸ್ವಾಮ್ಯವನ್ನು ಮುರಿದುದು ಆ ಕಾಲಕ್ಕೆ ದೊಡ್ಡ ಹೆಜ್ಜೆಯೇ ಸರಿ. ಅದನ್ನು ಇಟ್ಟವರನ್ನು ನಾನು ಆಕ್ಷೇಪಿಸಲಾರೆ. ಆದರೆ ಸಮಭಾಗದ ಹೆಸರಿನ ಆ ಸಮಿತಿಯಲ್ಲಿ, ಜಗತ್ತಿನ ಬೌದ್ಧರ ಪರಮಪವಿತ್ರ ಸ್ಥಾನದಲ್ಲಿ, ಬೌದ್ಧರಿಗೆ ಬಹುಮತವು ಅಂದೂ ಇರಲಿಲ್ಲ, ಇಂದೂ ಇಲ್ಲ.

ಇಲ್ಲಿ ನಮ್ಮವರು ಕೊಡುವ ಉತ್ತರವೊಂದುಂಟು: ಬುದ್ಧನು ವಿಷ್ಣುವಿನ ಅವತಾರ, ಆದುದರಿಂದ ಅವನು ನಮ್ಮವನೇ. ಈ ಮಾತಿನಲ್ಲಿ ಪ್ರೀತಿಯಿದೆಯೆಂಬುದನ್ನು ನಾನು ಬಲ್ಲೆ. 1927ರಲ್ಲಿ ಸಿಂಹಳಕ್ಕೆ ಹೋದ ಗಾಂಧೀಜಿಯವರು ಬುದ್ಧನು ಹಿಂದೂಧರ್ಮವನ್ನು ತ್ಯಜಿಸಲಿಲ್ಲ, ಅದನ್ನು ವಿಶಾಲಗೊಳಿಸಿದನು ಎಂದು ಬೌದ್ಧರ ಸಭೆಯಲ್ಲಿಯೇ ಶ್ರದ್ಧೆಯಿಂದ ಹೇಳಿದರು. ಆದರೆ ಅಪ್ಪುಗೆಯು ಅಪ್ಪಿಸಿಕೊಂಡವನ ಉಸಿರನ್ನು ಕಟ್ಟಿಸುವಂತಾದರೆ ಅದರ ಹಿಂದಿನ ಪ್ರೀತಿಯೂ ಅವನನ್ನು ಮುಟ್ಟದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧದೀಕ್ಷೆಯನ್ನು ಕೈಗೊಂಡ ಅಂಬೇಡ್ಕರರು ತಮ್ಮ ಅನುಯಾಯಿಗಳಿಗೆ ಬೋಧಿಸಿದ ಪ್ರತಿಜ್ಞೆಗಳಲ್ಲಿ ಬುದ್ಧನು ವಿಷ್ಣುವಿನ ಅವತಾರವೆಂಬ ನಂಬಿಕೆಯ ನಿರಾಕರಣೆಯೂ ಒಂದು. ಊರ ಗುಡಿಯೊಳಗೆ ತಮ್ಮನ್ನು ಬಿಡದಿದ್ದವರೇ ಬುದ್ಧನ ಗುಡಿಯಲ್ಲಿ ಸಮಭಾಗಿಗಳಾಗಿ ಕುಳಿತಿರುವುದನ್ನು ಕಂಡ ಜನರ ಮನಸ್ಸು ಏನನ್ನುತ್ತದೆಯೆಂದು ನಾವು ಯೋಚಿಸಬೇಡವೆ?

ಧರ್ಮಪಾಲನ ಹೋರಾಟದ ಮಿತಿಯನ್ನೂ ಮರೆಯಬಾರದು. ಪರಕೀಯ ಪ್ರಭುತ್ವದ ಮೇಲೆ ಆತನು ತಾಳಿದ ರೋಷವು ಸಿಂಹಳದಲ್ಲಿ ಅನ್ಯಮತೀಯರ ಮೇಲೆಯೂ ಹರಿಯಿತು. ಅಂಥ ರೋಷವು ಎಂಥ ವಿಷಫಲವನ್ನು ಕೊಡಬಲ್ಲುದೆಂಬುದನ್ನು ಆ ದ್ವೀಪದ ಮುಂದಿನ ಚರಿತ್ರೆಯು ತೋರಿಸಿದೆ. ಈ ಕಾರಣದಿಂದಲೇ, ಒಬ್ಬರನ್ನು ಹೊರಗಟ್ಟಿ ಇನ್ನೊಬ್ಬರನ್ನು ಕೂಡಿಸುವ ಪರಿಹಾರವು ಬೋಧಗಯೆಗೆ ಬೇಡ. ಸಮಿತಿಯಲ್ಲಿ ಬೌದ್ಧರಿಗೆ ನಿಸ್ಸಂದಿಗ್ಧವಾದ ಬಹುಮತವಿರಲಿ, ಅಧ್ಯಕ್ಷಸ್ಥಾನವು ಬೌದ್ಧರಿಗಿರಲಿ. ಪಿತೃಕಾರ್ಯಕ್ಕೆ ಬರುವ ಹಿಂದುವಿಗೆ ಅಶ್ವತ್ಥದ ಬಳಿ ನಮಸ್ಕರಿಸುವ, ಪೂಜಿಸುವ ಹಕ್ಕನ್ನು ಕಾಯಿದೆಯೇ ರಕ್ಷಿಸಲಿ. ಹಿಂದೂ ದೇವಾಲಯಗಳ ಆಡಳಿತ ಮಂಡಳಿಯಲ್ಲಿ ಅನ್ಯಮತೀಯರು ಅರ್ಧಭಾಗ ಕುಳಿತರೆ ನಾವು ಸಹಿಸುವೆವೆ ಎಂದು ಒಂದು ಕ್ಷಣ ಕೇಳಿಕೊಂಡರೆ ಈ ಬೇಡಿಕೆಯ ಔಚಿತ್ಯವು ತಾನೇ ಗೋಚರಿಸುತ್ತದೆ. ಪೂಜಿಸುವ ಹಕ್ಕು ಬೇರೆ, ಆಳುವ ಹಕ್ಕು ಬೇರೆ. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಬಿಟ್ಟುಕೊಡುವುದರಿಂದ ಹಿಂದೂಧರ್ಮಕ್ಕೆ ಕಿಂಚಿತ್ತೂ ನಷ್ಟವಿಲ್ಲ.

ನ್ಯಾಯಾಲಯದ ಆಜ್ಞೆಗೋ, ಬೀದಿಯ ಗದ್ದಲಕ್ಕೋ, ಹೊರದೇಶಗಳ ಒತ್ತಾಯಕ್ಕೋ ಮಣಿದು ಇದನ್ನು ಮಾಡಿದರೆ ಅದರಲ್ಲಿ ಹಿರಿಮೆಯಿಲ್ಲ. ಸ್ವರಾಜ್ಯವೆಂದರೆ ಆಳುವವರ ಬಣ್ಣವು ಬದಲಾಗುವುದಷ್ಟೇ ಆಗಿದ್ದರೆ ಅದು 1947ರಲ್ಲಿಯೇ ಮುಗಿದ ಕೆಲಸ. ನಮ್ಮ ನಡುವಣ ವ್ಯಾಜ್ಯಗಳನ್ನು ನಾವೇ ಕುಳಿತು, ದಾಖಲೆಗಿಂತ ಹೆಚ್ಚಾಗಿ ಶ್ರದ್ಧೆಯನ್ನು ಗೌರವಿಸಿ ಬಗೆಹರಿಸಿಕೊಳ್ಳುವ ಶಕ್ತಿಯೇ ಸ್ವರಾಜ್ಯವೆಂದು ನಂಬುವುದಾದರೆ, ಬಿಹಾರದ ಶಾಸನಸಭೆಯು 1949ರ ಕಾಯಿದೆಯನ್ನು ತಿದ್ದಲಿ. ಹಿಂದೂ ಮಠಾಧೀಶರೂ ವಿದ್ವಾಂಸರೂ ಆ ತಿದ್ದುಪಡಿಯನ್ನು ಬಹಿರಂಗವಾಗಿ ಬೆಂಬಲಿಸಲಿ. ಧ್ವಜದ ಮೇಲೆ ಧರ್ಮಚಕ್ರವನ್ನು ಹಾರಿಸುವ ರಾಷ್ಟ್ರಕ್ಕೆ, ಆ ಧರ್ಮವು ಉದಿಸಿದ ಸ್ಥಳದ ಆಡಳಿತವನ್ನು ಅದರ ಅನುಯಾಯಿಗಳಿಗೆ ಒಪ್ಪಿಸುವುದು ಔದಾರ್ಯವಲ್ಲ, ತಡವಾಗಿ ಸಲ್ಲುವ ಋಣ.