ಸಾರ್ಡಿನಿಯಾದ ಬೆಟ್ಟದೂರುಗಳಿಗೂ ಎರಡು ದಿನ ಕೊಡಿ

ಯುರೋಪಿನಲ್ಲಿ ನೆಲೆಸಿರುವ ಕನ್ನಡಿಗರೇ, ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡು ಇಟಲಿ ತೋರಿಸಬೇಕೆಂದು ರಜೆ ಕೂಡಿಡುತ್ತಿರುವವರೇ, ನಿಮ್ಮಲ್ಲಿ ಕೆಲವರಾದರೂ ಈ ವರ್ಷ ಸಾರ್ಡಿನಿಯಾ ದ್ವೀಪಕ್ಕೆ ಹೊರಟಿರುತ್ತೀರಿ. ಅಲ್ಲಿನ ಕಡಲ ತೀರ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಹೋಗಿ, ಈಜಿ, ಮರಳಿನಲ್ಲಿ ಕೂತು ಬನ್ನಿ. ಆದರೆ ವಾರದ ರಜೆಯಲ್ಲಿ ಎರಡು ದಿನವನ್ನಾದರೂ ದ್ವೀಪದ ನಡುವಿನ ಬೆಟ್ಟದೂರುಗಳಿಗೆ ಮೀಸಲಿಡಿ ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಕಾರಣ ಬರೀ ನೋಟದ್ದಲ್ಲ. 1962ರಲ್ಲಿ ಇಸ್ಮಾಯಿಲಿ ಧರ್ಮಗುರು ಆಗಾ ಖಾನರು ಈಶಾನ್ಯ ತೀರದಲ್ಲಿ ಕೋಸ್ತಾ ಸ್ಮೆರಾಲ್ದಾ ಎಂಬ ವಿಹಾರಧಾಮ ಕಟ್ಟಿಸಲು ಹೊರಟಂದಿನಿಂದ ಪ್ರವಾಸಿಗರ ಹಣ ಕಡಲಂಚಿಗೆ ಹರಿಯಿತು. ಒಳನಾಡು ಖಾಲಿಯಾಗುತ್ತಾ ಬಂತು. ದ್ವೀಪದಲ್ಲಿ 16 ಲಕ್ಷಕ್ಕಿಂತ ಕಡಿಮೆ ಜನ. ಕುರಿಗಳು ಮಾತ್ರ ಸುಮಾರು 30 ಲಕ್ಷ. ಆ ಕುರಿಗಳನ್ನು ನಂಬಿದವರ ಪಾಡು ಎಂಥದೆಂದು 2019ರ ಫೆಬ್ರುವರಿಯಲ್ಲಿ ಜಗತ್ತೇ ಕಂಡಿತು. ಲೀಟರಿಗೆ ಸುಮಾರು 60 ಸೆಂಟ್ಸ್ ಸಿಗುತ್ತಿದ್ದ ಹಾಲನ್ನು ಕುರುಬರು ರಸ್ತೆಗೇ ಸುರಿದರು. ತಾವೇ ಬೆಳಗಿನ ಜಾವ ಎದ್ದು ಕರೆದ ಹಾಲು ಅದು. ಬಾರ್ಬಾಜಾ ಬೆಟ್ಟಸೀಮೆಯ ಒಲ್ಲೊಲಾಯ್ ಎಂಬ ಊರು ಪಾಳುಬಿದ್ದ ಮನೆಗಳನ್ನು ಒಂದೇ ಒಂದು ಯೂರೋಗೆ ಮಾರಲು ಮುಂದಾಯಿತು. ರಿಪೇರಿ ಮಾಡಿಸಿಕೊಂಡರೆ ಸಾಕು, ಜನ ಬಂದರೆ ಸಾಕು ಎಂಬ ಆಸೆ. ಅಂಥ ಊರಿನಲ್ಲಿ ನೀವು ಒಂದು ರಾತ್ರಿ ತಂಗಿದರೆ, ಒಂದು ಊಟ ಮಾಡಿದರೆ, ಒಂದು ತುಂಡು ಚೀಸ್ ಕೊಂಡರೆ ಆ ದುಡ್ಡು ಅಲ್ಲೇ ಉಳಿಯುತ್ತದೆ.

ಓರ್ಗೊಸೊಲೊಗೆ ಹೋಗಿ. ಊರಿನ ಗೋಡೆಗಳ ತುಂಬ ಚಿತ್ರಗಳಿವೆ. ಅವನ್ನು ಫೋಟೋ ತೆಗೆದುಕೊಳ್ಳುವ ಮೊದಲು ಅವುಗಳ ಹಿಂದಿನ ಕಥೆ ಕೇಳಿ. 1969ರಲ್ಲಿ ಸೇನೆ ಊರಿನ ಹುಲ್ಲುಗಾವಲು ಪ್ರಾತೊಬೆಲ್ಲೊದಲ್ಲಿ ಗುಂಡು ಹಾರಿಸುವ ತರಬೇತಿ ನಡೆಸಲು ಹೊರಟಿತು, ಕುರಿಗಳನ್ನು ತೆರವು ಮಾಡಿ ಎಂದು ನೋಟಿಸು ಅಂಟಿಸಿತು. ಹೆಂಗಸರು, ಮಕ್ಕಳು, ಮುದುಕರೆನ್ನದೆ ಊರಿಗೆ ಊರೇ ಮೇಲಕ್ಕೆ ನಡೆದು ಹುಲ್ಲುಗಾವಲಿನಲ್ಲಿ ಕೂತುಬಿಟ್ಟಿತು. ಸೇನೆ ಹಿಂದೆ ಸರಿಯಿತು. ಮುಂದೆ 1975ರಲ್ಲಿ ಫ್ರಾಂಚೆಸ್ಕೊ ದೆಲ್ ಕಸೀನೊ ಎಂಬ ಶಾಲಾ ಮೇಷ್ಟ್ರು ಮಕ್ಕಳ ಕೈಗೆ ಬಣ್ಣ ಕೊಟ್ಟರು, ಗೋಡೆಗಳು ಮಾತಾಡತೊಡಗಿದವು. ಇವತ್ತಿಗೂ ಅವು ಜನ ವಾಸಿಸುವ ಮನೆಗಳ ಗೋಡೆಗಳೇ. ಕಿಟಕಿಯೊಳಗೆ ಇಣುಕಬೇಡಿ. ಹೊಸಿಲ ಮೇಲೆ ಕೂತ ಅಜ್ಜಿಯ ಫೋಟೋ ಬೇಕಿದ್ದರೆ ಮೊದಲು ನಮಸ್ಕಾರ ಹೇಳಿ, ಕೇಳಿ, ಅವರು ಒಲ್ಲೆ ಎಂದರೆ ಸುಮ್ಮನಾಗಿ.

ಉಲಸ್ಸಾಯ್ ಎಂಬ ಊರು ಇರುವುದು ಬಂಡೆಗೋಡೆಗಳ ಕೆಳಗೆ. ಒಂದೇ ಊರು ನೋಡಲು ಬಿಡುವಿದೆ ಎಂದರೆ ನಾನು ಇದನ್ನೇ ಹೇಳುತ್ತೇನೆ. ಊರಿನ ಆಡಳಿತ ಯುದ್ಧದಲ್ಲಿ ಮಡಿದವರಿಗೆ ಸ್ಮಾರಕ ಮಾಡಿಕೊಡಿ ಎಂದು ಇದೇ ಊರಿನ ಮಗಳು, ಕಲಾವಿದೆ ಮರಿಯಾ ಲಾಯ್ ಅವರನ್ನು ಕೇಳಿತು. ಬದುಕಿರುವವರಿಗಾಗಿ ಏನಾದರೂ ಮಾಡೋಣ ಎಂದರು ಅವರು. ಗುಹೆಯಲ್ಲಿದ್ದ ಹುಡುಗಿಯೊಬ್ಬಳು ಗಾಳಿಯಲ್ಲಿ ಹಾರಿಹೋದ ನೀಲಿ ರಿಬ್ಬನ್ನಿನ ಹಿಂದೆ ಓಡಿ, ಬೆಟ್ಟ ಕುಸಿಯುವ ಮೊದಲು ಹೊರಬಂದು ಬದುಕಿಕೊಂಡಳೆಂಬ ಕಥೆ ಅಲ್ಲಿನ ಮನೆಮನೆಗೂ ಗೊತ್ತು. ಆ ಕಥೆಯನ್ನೇ ಹಿಡಿದು ಲಾಯ್ ರೂಪಿಸಿದಂತೆ, 1981ರ ಸೆಪ್ಟೆಂಬರಿನಲ್ಲಿ ಸುಮಾರು 27 ಕಿಲೋಮೀಟರ್ ಉದ್ದದ ನೀಲಿ ಬಟ್ಟೆಪಟ್ಟಿಯನ್ನು ಊರವರು ಬಾಗಿಲಿನಿಂದ ಬಾಗಿಲಿಗೆ ಕಟ್ಟುತ್ತಾ ಹೋದರು, ಕೊನೆಗೆ ಬೆಟ್ಟ ಹತ್ತುವವರು ಅದನ್ನು ತುದಿಗೆ ಒಯ್ದು ಕಟ್ಟಿದರು. ಅಕ್ಕಪಕ್ಕದ ಮನೆಗಳಲ್ಲಿ ಹಗೆ ಇದ್ದದ್ದನ್ನು ಯಾರೂ ಮುಚ್ಚಿಡಲಿಲ್ಲ. ಮನಸ್ತಾಪವಿದ್ದ ಕಡೆ ಪಟ್ಟಿ ನೆಟ್ಟಗೆ ಸಾಗಿತು, ಸ್ನೇಹವಿದ್ದ ಕಡೆ ಗಂಟು ಬಿತ್ತು, ಪ್ರೀತಿ ಇದ್ದಲ್ಲಿ ಗಂಟಿಗೆ ಹಬ್ಬದ ಬ್ರೆಡ್ಡು ಸಿಕ್ಕಿಸಿದರು. ಜಗಳವನ್ನೂ ಸೇರಿಸಿಕೊಂಡು ಒಂದಾಗುವುದು ಹೇಗೆಂದು ಒಂದು ಸಣ್ಣ ಊರು ತೋರಿಸಿತಲ್ಲ, ಅದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಊರಿನ ಹಳೆಯ ರೈಲು ನಿಲ್ದಾಣ ಈಗ ಮರಿಯಾ ಲಾಯ್ ಅವರ ಕೃತಿಗಳ ಮ್ಯೂಸಿಯಂ. ಟಿಕೆಟ್ ಕೊಂಡು ಒಳಗೆ ಹೋಗಿ.

ಮಮೊಯಾದಾ ಎಂಬ ಊರಿನಲ್ಲಿ ಜನವರಿ 17ರಂದು, ಸಂತ ಅಂತೋನಿಯೊ ಹಬ್ಬದ ಬೆಂಕಿಯ ಸುತ್ತ, ಕಪ್ಪು ಮರದ ಮುಖವಾಡದ ಮಮುಥೋನೆಸ್ ವೇಷಧಾರಿಗಳು ವರ್ಷದ ಮೊದಲ ಸಲ ಹೊರಡುತ್ತಾರೆ. ಮೈಮೇಲೆ ಕುರಿಚರ್ಮ, ಬೆನ್ನ ಮೇಲೆ ಹೊರೆಹೊರೆ ಗಂಟೆ. ಭೂತಕೋಲದ ಮುಂದೆ ಕೈಕಟ್ಟಿ ನಿಂತು ಬೆಳೆದವರಿಗೆ ಅಲ್ಲಿ ಹೇಗೆ ನಿಲ್ಲಬೇಕೆಂದು ಬೇರೆ ಹೇಳಬೇಕಿಲ್ಲ. ಬಿತ್ತಿಯಂಥ ಊರುಗಳಲ್ಲಿ ನಾಲ್ವರು ವೃತ್ತಾಕಾರವಾಗಿ ನಿಂತು ಹಾಡುವ ಕಾಂತು ಅ ತೆನೋರೆ ಇದೆ. ಗಂಟಲಾಳದಿಂದ ಬರುವ ಎರಡು ದನಿಗಳ ಮೇಲೆ ಒಬ್ಬ ಪದ ಹೇಳುತ್ತಾನೆ. 2005ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಪರಂಪರೆ ಎಂದು ಸಾರಿತು. ಹಾಡುವಾಗ ಮೊಬೈಲು ಕೆಳಗಿಡಿ.

ಕಾಡು, ಕಣಿವೆಯ ವಿಷಯಕ್ಕೆ ಬಂದರೆ ನನ್ನ ಕೋರಿಕೆ ಸ್ವಲ್ಪ ಕಟುವಾಗಿದೆ. ಜೆನ್ನಾರ್ಜೆಂತು ಸಾಲಿನ ನೆತ್ತಿ 1834 ಮೀಟರ್. ಗೊರ್ರೊಪು ಕಮರಿಯ ಸುಣ್ಣಕಲ್ಲಿನ ಗೋಡೆಗಳು ಕೆಲವೆಡೆ 500 ಮೀಟರ್‌ವರೆಗೂ ಏರುತ್ತವೆ. ಸುಪ್ರಾಮೊಂತೆಯ ಬಂಡೆಗಾಡಿನಲ್ಲಿ ಮೇಲ್ಮೈ ನೀರು ಸಿಗುವುದೇ ಅಪರೂಪ, ದಾರಿ ತಪ್ಪುವುದು ಸುಲಭ. ಆದ್ದರಿಂದ ಅಲ್ಲಿನ ಮಾರ್ಗದರ್ಶಿಯನ್ನೇ ಕರೆದುಕೊಂಡು ಹೋಗಿ. ಅದು ನಿಮ್ಮ ಜೀವಕ್ಕೂ ಒಳ್ಳೆಯದು, ಅವರ ಜೀವನಕ್ಕೂ. ದಾರಿಯಲ್ಲಿ ಕುರಿ ಮೇಯುವ ಜಾಗದ ಗೇಟು ಸಿಕ್ಕರೆ ಹೇಗಿತ್ತೋ ಹಾಗೇ ಬಿಡಿ: ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಇರಲಿ. ಬೇಸಿಗೆಯಲ್ಲಿ ಬೆಂಕಿ ಕಡ್ಡಿ ಗೀರಬೇಡಿ, ಸಿಗರೇಟಿನ ತುಂಡು ಎಸೆಯಬೇಡಿ. 2021ರ ಜುಲೈಯಲ್ಲಿ ಮೊಂತಿಫೆರ್ರು ಬೆಟ್ಟಕ್ಕೆ ಬೆಂಕಿ ಬಿದ್ದಾಗ ಕುಲ್ಯೇರಿ ಎಂಬ ಊರಿನ, ಸಾವಿರ ವರ್ಷಕ್ಕೂ ಹಳೆಯದಾದ ಆಲಿವ್ ಮರವೂ ಸುಟ್ಟಿತು. ಮುಂದೆ ಅದರ ಬುಡದಲ್ಲಿ ಚಿಗುರು ಕಾಣಿಸಿಕೊಂಡಿತು. ಕಾರ್ಕ್ ಮರದ ತೊಗಟೆಯನ್ನು ಒಮ್ಮೆ ಸುಲಿದರೆ ಮತ್ತೆ ಬಲಿಯಲು ಸುಮಾರು ಹತ್ತು ವರ್ಷ ಬೇಕು. ಅಲ್ಲಿನ ಬದುಕಿನ ಲೆಕ್ಕವೇ ಅಷ್ಟು ನಿಧಾನದ್ದು, ಒಂದು ಮಧ್ಯಾಹ್ನದ ಅಜಾಗರೂಕತೆಯನ್ನು ಅದು ತಾಳದು.

ಅಪ್ಪ ಅಮ್ಮ ಸಸ್ಯಾಹಾರಿಗಳು, ಕುರುಬರ ನಾಡಿನಲ್ಲಿ ಏನು ತಿನ್ನುತ್ತಾರೆ ಎಂಬ ಚಿಂತೆ ನನಗೆ ಅರ್ಥವಾಗುತ್ತದೆ. ಉಲಸ್ಸಾಯ್ ಇರುವ ಓಲ್ಯಾಸ್ತ್ರಾ ಸೀಮೆಯಲ್ಲಿ ಕುಲುರ್ಜೋನಿಸ್ ಕೇಳಿ: ಆಲೂಗಡ್ಡೆ, ಪುದೀನ, ಚೀಸ್‌ನ ಹೂರಣ, ಅಂಚನ್ನು ಕರ್ಜಿಕಾಯಿಯಂತೆ ಬೆರಳಿನಿಂದ ಮಡಿಸಿರುತ್ತಾರೆ. ಹಪ್ಪಳದಷ್ಟು ತೆಳ್ಳಗಿನ ಪಾನೆ ಕರಸಾವು ಎಲ್ಲೆಡೆ ಸಿಗುತ್ತದೆ. ಆದರೆ ಚೀಸ್ ಮಾಡಲು ಸಾಮಾನ್ಯವಾಗಿ ಕುರಿಮರಿಯ ಜಠರದ ಹೆಪ್ಪು ಹಾಕುತ್ತಾರೆ, ಬ್ರೆಡ್ಡಿನ ಕೆಲವು ಖಾದ್ಯಗಳನ್ನು ಮಾಂಸದ ಸಾರಿನಲ್ಲಿ ನೆನೆಸುತ್ತಾರೆ. ಕಟ್ಟುನಿಟ್ಟಿನವರಿದ್ದರೆ ಮೊದಲೇ ವಿಚಾರಿಸಿ.

ಪುಸ್ತಕ ಓದುವವರು ನುವೊರೊದಲ್ಲಿ ಗ್ರಾತ್ಸಿಯಾ ದೆಲೆದ್ದಾ ಹುಟ್ಟಿದ ಮನೆ ನೋಡದೆ ಬರಬೇಡಿ. ನಾಲ್ಕನೇ ತರಗತಿಯಾಚೆ ಶಾಲೆಗೆ ಹೋಗಲಾಗದೆ, ಮನೆಯಲ್ಲೇ ಓದಿ ಬರೆದು, 1926ರ ನೊಬೆಲ್ ಪಡೆದ ಹೆಣ್ಣುಮಗಳು ಆಕೆ. ಪ್ರಾಚೀನ ಕಟ್ಟಡಗಳಲ್ಲಿ ಆಸಕ್ತಿ ಇರುವವರಿಗೆ ಬರುಮಿನಿ ಎಂಬ ಊರಿನ ಸು ನುರಾಜಿ ಇದೆ, ಮೂರು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಗೋಪುರ. ಅಲ್ಲಿಂದ ಒಂದು ಸಣ್ಣ ಕಲ್ಲನ್ನೂ ಜೇಬಿಗೆ ಹಾಕಿಕೊಳ್ಳಬೇಡಿ.

ಗುಂಪು ಪ್ರವಾಸ ಏರ್ಪಡಿಸುವ ಕನ್ನಡ ಸಂಘದವರಲ್ಲಿ ಒಂದು ವಿಶೇಷ ಬಿನ್ನಹ. ಐವತ್ತು ಜನರನ್ನು ಒಂದೇ ಬಸ್ಸಿನಲ್ಲಿ ತಂದು ಮಧ್ಯಾಹ್ನದ ಎರಡು ಗಂಟೆ ಮಾತ್ರ ನಿಲ್ಲಿಸಿ ಹೊರಡಬೇಡಿ. ಎಂಟು ಹತ್ತು ಜನರ ತಂಡ ಮಾಡಿ, ಬೇರೆ ಬೇರೆ ಊರುಗಳಲ್ಲಿ ರಾತ್ರಿ ಉಳಿಯಿರಿ. ಆಗಸ್ಟಿನ ಬದಲು ಶರತ್ಕಾಲ ಆರಿಸಿಕೊಳ್ಳಿ: ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ವಾರಾಂತ್ಯಗಳಲ್ಲಿ ಬಾರ್ಬಾಜಾದ ಊರುಗಳು ಸರದಿಯ ಮೇಲೆ ತಮ್ಮ ಮನೆಯಂಗಳಗಳನ್ನು ಬಂದವರಿಗೆ ತೆರೆಯುತ್ತವೆ, ನೇಯುವವರು, ಬ್ರೆಡ್ಡು ತಟ್ಟುವವರು, ಚಾಕು ಮಾಡುವವರು ಕೆಲಸ ಮಾಡುತ್ತಲೇ ಮಾತಿಗೆ ಸಿಗುತ್ತಾರೆ. ಯಾವ ವಾರ ಯಾವ ಊರು ಎಂಬ ಪಟ್ಟಿ ಮೊದಲೇ ಪ್ರಕಟವಾಗುತ್ತದೆ. ದಯವಿಟ್ಟು ಅದನ್ನು ನೋಡಿಕೊಂಡೇ ವಿಮಾನದ ಟಿಕೆಟ್ ಕಾಯ್ದಿರಿಸಿ.